ಮಸಿಯ ಮೂರು ಆಕಳಿಕೆ

"ನಾನು ಹೋಗಲ್ಲ ಅಂದ್ರೆ ಹೋಗಲ್ಲ!"

ಮಾತು ಬಂದದ್ದು ಅಮ್ಮನ ಕಟಿಂಗ್ ಟೇಬಲ್ಲಿನ ಕೆಳಗಿನಿಂದ. ಮೇಲೆ ಅಮ್ಮನ ಕತ್ತರಿ ಕರಕರ ಎನ್ನುತ್ತಲೇ ಇತ್ತು. ಕೆಳಗೆ ಬಟ್ಟೆಚೂರುಗಳ ರಾಶಿಯ ಮೇಲೆ ಮೊಂಡಿ ಕೂತಿದ್ದಳು. ಅವಳ ಎರಡೂ ತೋಳುಗಳ ನಡುವೆ ಮಸಿ ಸಿಕ್ಕಿಹಾಕಿಕೊಂಡಿತ್ತು.

ಮಸಿ ಅಂದರೆ ಅವಳ ನಾಯಿ. ಮೂತಿಯಿಂದ ಬಾಲದವರೆಗೆ ಕಪ್ಪೋ ಕಪ್ಪು, ಒಂದು ಪಾದ ಮಾತ್ರ ಬಿಳಿ. ಮೊಂಡಿ ಐದನೇ ಕ್ಲಾಸಿನ ಹುಡುಗಿ. ಶಾಲೆಯ ರಿಜಿಸ್ಟರಿನಲ್ಲಿ ಅವಳಿಗೂ ಒಂದು ಚೆಂದದ ಹೆಸರಿದೆ. ಆದರೆ ಅವಳು ಕಲಿತ ಮೊದಲ ಮಾತೇ 'ಬೇಡ' ಆಗಿದ್ದರಿಂದ ಬಿಲ್ಡಿಂಗಿನಲ್ಲಿ ಯಾರೂ ಆ ಹೆಸರಿನ ಗೋಜಿಗೆ ಹೋಗಿರಲಿಲ್ಲ.

ಬಾಗಿಲಲ್ಲಿ ಸೆಕ್ರೆಟರಿ ಅಂಕಲ್ ನಿಂತಿದ್ದರು. ಬಿಲ್ಡಿಂಗಿನ ನೀರು, ಲಿಫ್ಟು, ಜಗಳ ಎಲ್ಲವೂ ಅವರದೇ ಉಸ್ತುವಾರಿ. ಕೈಯಲ್ಲಿ ಒಂದು ನೋಟೀಸು ಹಿಡಿದಿದ್ದರು.

"ಮೂರು ಭಾನುವಾರ ಕ್ಲಾಸು, ಸೈಕಲ್ ಶೆಡ್ಡಲ್ಲಿ. ನಾಯಿ ಡಾಕ್ಟರೇ ಬಂದು ಹೇಳ್ಕೊಡ್ತಾರೆ. ನಾಯಿ ಸಾಕಿರೋ ಮನೆ ಮಕ್ಕಳೆಲ್ಲ ಬರ್ಲೇಬೇಕು. ಕೊನೇ ದಿನ ಹಳದಿ ಬಿಲ್ಲೆ ಕೊಡ್ತೀವಿ. ಕುತ್ತಿಗೇಲಿ ಬಿಲ್ಲೆ ಇದ್ರೆ ನಾಯಿ ಇಲ್ಲಿರುತ್ತೆ. ಇಲ್ಲಾಂದ್ರೆ..." ಎಂದು ಗೇಟಿನ ಕಡೆ ಕೈ ತೋರಿಸಿದರು.

"ಏನು ತಪ್ಪು ಮಾಡಿದಾನೆ ಅಂತ?" ಟೇಬಲ್ಲಿನ ಕೆಳಗಿಂದ ಮೊಂಡಿ ಕೇಳಿದಳು.

"ಕಚ್ಚಿದಾನಲ್ಲಮ್ಮ!"

"ಅವಳು ಬಾಲ ಎಳೆದ್ಲು. ಬಾಲ ಎಳೆದ್ರೆ ಕಚ್ಚದೆ ಹಾಡು ಹೇಳ್ತಾನಾ?"

ಕತ್ತರಿ ನಿಂತಿತು. "ದೊಡ್ಡವರ ಹತ್ರ ಮಾತಾಡೋ ರೀತಿ ನೋಡು!" ಎಂದಳು ಅಮ್ಮ. ಆಮೇಲೆ ಸೆಕ್ರೆಟರಿ ಕಡೆ ತಿರುಗಿ, "ಬರ್ತಾಳೆ ಬಿಡಿ ಸಾರ್" ಎಂದು ನೋಟೀಸು ಇಸಿದುಕೊಂಡಳು.

ನಡೆದದ್ದು ಇಷ್ಟು. ಹಿಂದಿನ ಶನಿವಾರ ಮೆಟ್ಟಿಲ ಹತ್ತಿರ ಮಸಿ ಕೆಳಗಿನ ಮನೆಯ ಜುಟ್ಟುವಿನ ಕೈಗೆ ಬಾಯಿ ಹಾಕಿತ್ತು. ಜುಟ್ಟುವಿಗೆ ಆರು ವರ್ಷ. ನಡುನೆತ್ತಿಯ ಮೇಲೆ ಕಾರಂಜಿಯ ಹಾಗೆ ಕೂದಲು ಕಟ್ಟುತ್ತಿದ್ದರಿಂದ ಆ ಹೆಸರು. ಮಸಿಯ ಹಲ್ಲು ತಾಗಿ ಅವಳ ಕೈಚರ್ಮ ತರಚಿತ್ತು. ಶಾಲೆಯ ವ್ಯಾನ್ ಓಡಿಸುವ ಅವಳ ಅಮ್ಮ ನಲ್ಲಿಯ ಕೆಳಗೆ ಸೋಪು ಹಚ್ಚಿ ಕಾಲು ಗಂಟೆ ತೊಳೆದು, ಸೀದಾ ಆಸ್ಪತ್ರೆಗೆ ಕರೆದೊಯ್ದಿದ್ದಳು. ಮಸಿಗೆ ಲಸಿಕೆ ಹಾಕಿಸಿದ್ದರೂ ಡಾಕ್ಟರು ಬಿಡಲಿಲ್ಲ. ನಾಲ್ಕು ಇಂಜೆಕ್ಷನ್ ಬರೆದುಕೊಟ್ಟರು.

ಎಲ್ಲರೂ ಬಂದು ಕೇಳಿದಾಗ ಮೊಂಡಿ ಮೊದಲು, "ಬಾಲ ಎಳೆದಿರಬೇಕು" ಎಂದಿದ್ದಳು. ಎರಡನೆಯವರು ಕೇಳುವ ಹೊತ್ತಿಗೆ ಅದು "ಎಳೆದ್ಲು" ಆಗಿತ್ತು. ಜುಟ್ಟು, "ನಾನು ಎಳೆದಿಲ್ಲ" ಎಂದು ಅತ್ತಳು. ಯಾರು ಕೇಳಬೇಕು? ಲಿಫ್ಟಿನ ಬಾಗಿಲು, ಒಣಗಹಾಕಿದ ಸೀರೆ, ಅಂಗಡಿಯ ಪರದೆ ಎಲ್ಲ ಎಳೆಯುವ ಹುಡುಗಿ ಬಾಲ ಬಿಟ್ಟಾಳೆಯೇ? ಎಲ್ಲರೂ ಮೊಂಡಿಯ ಮಾತನ್ನೇ ನಂಬಿದರು. ಹೇಳಿ ಹೇಳಿ ಮೊಂಡಿಗೂ ಅದೇ ನಿಜ ಅನ್ನಿಸತೊಡಗಿತ್ತು.

*

ಮೊದಲ ಭಾನುವಾರ ಸೈಕಲ್ ಶೆಡ್ಡಿನಲ್ಲಿ ಏಳೆಂಟು ಮಕ್ಕಳು ಚಾಪೆ ಮೇಲೆ ಕೂತಿದ್ದರು. ಡಾಕ್ಟರಮ್ಮ ಕುಳ್ಳಗೆ, ದಪ್ಪಗೆ ಇದ್ದರು. ಪ್ಯಾಂಟಿನ ತುಂಬ ನಾಯಿಕೂದಲು. ಅವರ ಮುಂದೆ ಒಂದು ಬಟ್ಟೆ ನಾಯಿ ನಿಂತಿತ್ತು. ಹಳೇ ಕೋಟಿನ ಬಟ್ಟೆಯಲ್ಲಿ ಅದನ್ನು ಹೊಲಿದುಕೊಟ್ಟವಳು ಮೊಂಡಿಯ ಅಮ್ಮ. ಅದರ ಬಾಲಕ್ಕೆ ಟಿಚ್ ಬಟನ್ ಇತ್ತು. ಬಾಲವನ್ನು ಮೇಲಕ್ಕೂ ಒತ್ತಿ ಕೂರಿಸಬಹುದು, ಕಾಲಿನ ಸಂದಿಗೂ ಒತ್ತಿ ಕೂರಿಸಬಹುದು.

ಹಿಂದಿನ ಸಾಲಿನಲ್ಲಿ, ಕೈಗೆ ಬ್ಯಾಂಡೇಜು ಸುತ್ತಿಕೊಂಡು ಜುಟ್ಟು ಕೂತಿದ್ದಳು. ಅವಳ ಮನೆಯಲ್ಲಿ ನಾಯಿಯಿಲ್ಲ. "ಬಾಲ ಎಳೀಬಾರದು ಅಂತ ಕಲ್ತ್ಕೊಂಡು ಬಾ" ಎಂದು ಅವಳಮ್ಮ ಕಳಿಸಿದ್ದಳು. ಮೊಂಡಿ ಅತ್ತ ನೋಡಲೇ ಇಲ್ಲ.

"ನಾಯಿ ಇರೋರು ಕೈಯೆತ್ತಿ" ಎಂದರು ಡಾಕ್ಟರಮ್ಮ. ಮೊಂಡಿಯ ಕೈ ಎಲ್ಲರಿಗಿಂತ ಮೇಲೆ ಹೋಯಿತು.

"ನಿನ್ನ ನಾಯಿಗೆ ನೀರು ಇಡೋರು ಯಾರು?"

"ಅಮ್ಮ."

"ವಾಕಿಂಗ್?"

"ಅಜ್ಜ."

"ಅದು ಕಕ್ಕ ಮಾಡಿದ್ರೆ ಎತ್ತೋರು?"

"ಅದೂ ಅಜ್ಜ."

"ಮತ್ತೆ ನೀನೇನು ಮಾಡ್ತೀಯ?"

"ನಾನು ಪ್ರೀತಿ ಮಾಡ್ತೀನಿ!"

ಶೆಡ್ಡಿಗೆ ಶೆಡ್ಡೇ ಹೋ ಎಂದು ನಕ್ಕಿತು. ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಪ್ರೀತಿ ಬೇಕು. ಆದ್ರೆ ಬಟ್ಟಲಲ್ಲಿ ನೀರೂ ಇರಬೇಕಲ್ಲ" ಎಂದಷ್ಟೇ ಅಂದರು. ಮೊಂಡಿಯ ಕಿವಿ ಕೆಂಪಾಯಿತು.

ಮನೆಗೆ ಬಂದವಳೇ ಅವಳು ನೀರಿನ ಬಟ್ಟಲು ಕಿತ್ತುಕೊಂಡು ಹೋಗಿ ಉಜ್ಜಿದಳು. ಮರುದಿನ ಬೆಳಗ್ಗೆ ಅಜ್ಜನ ಕೈಯಿಂದ ಹಗ್ಗ, ಹಳೇ ಪೇಪರು ಎರಡನ್ನೂ ಕಸಿದುಕೊಂಡಳು. ಮೊದಲನೆಯ ಸಲ ಪೇಪರಿನಲ್ಲಿ ಎತ್ತುವಾಗ ಮೂಗು ಮುಚ್ಚಿಕೊಳ್ಳಲು ಮೂರನೇ ಕೈ ಬೇಕಿತ್ತು. ಆದರೂ ಎತ್ತಿದಳು. ಸಂಜೆ ಮಸಿಯ ಕಿವಿಯ ಹಿಂದಿನ ಉಣ್ಣಿ ಹುಳಗಳನ್ನು ಅಜ್ಜ ತೆಗೆಯುವಾಗ ಪಕ್ಕದಲ್ಲೇ ಕೂತು ಕಲಿತಳು.

ಮಸಿಯ ಮೇಲಿನ ಅಕ್ಕರೆಗಲ್ಲ. ಸುಳ್ಳು ಯಾಕೆ ಹೇಳಬೇಕು, ಡಾಕ್ಟರಮ್ಮನ ಮೇಲಿನ ಸಿಟ್ಟಿಗೆ.

*

ಎರಡನೇ ಭಾನುವಾರ ಡಾಕ್ಟರಮ್ಮ ಬಟ್ಟೆ ನಾಯಿಯನ್ನು ಪಕ್ಕಕ್ಕಿಟ್ಟರು.

"ನಾಯಿ ಸುಮ್ಸುಮ್ನೆ ಕಚ್ಚಲ್ಲ. ಮೊದಲು 'ಸಾಕು' ಅಂತ ಹೇಳುತ್ತೆ. ಬಾಯಲ್ಲಿ ಹೇಳೋಕೆ ಬರಲ್ಲ, ಮೈಯಲ್ಲಿ ಹೇಳುತ್ತೆ. ಈಗ ನಾನೇ ನಾಯಿ. ನೋಡಿ."

ಅವರು ಸ್ಟೂಲಿನ ಮೇಲೆ ಕುಕ್ಕರಗಾಲಲ್ಲಿ ಕೂತರು. ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನಾಲಿಗೆಯಿಂದ ತುಟಿ ಸವರಿಕೊಂಡರು. ಆಮೇಲೆ ಗಂಟಲು ಕಾಣುವ ಹಾಗೆ ಆಕಳಿಸಿದರು. ಅದನ್ನು ನೋಡಿ ಮುಂದಿನ ಸಾಲಿನ ಇಬ್ಬರು ಆಕಳಿಸಿದರು, ಉಳಿದವರು ಬಿದ್ದು ಬಿದ್ದು ನಕ್ಕರು.

"ನಿದ್ದೆ ಬಂದಾಗಲೂ ನಾಯಿ ಆಕಳಿಸುತ್ತೆ. ಆದ್ರೆ ನಿದ್ದೆ ಇಲ್ಲದ ಹೊತ್ತಲ್ಲಿ, ಯಾರೋ ಹಿಡ್ಕೊಂಡಾಗ, ತಬ್ಕೊಂಡಾಗ ಆಕಳಿಸಿದ್ರೆ ಅದು ನಿದ್ದೆ ಅಲ್ಲ. 'ನಂಗೆ ಕಸಿವಿಸಿ ಆಗ್ತಿದೆ, ಬಿಟ್ಬಿಡಿ' ಅಂತ ಅರ್ಥ."

"ಸುಳ್ಳು!"

ಎಲ್ಲರೂ ತಿರುಗಿ ನೋಡಿದರು. ಮೊಂಡಿ ಎದ್ದು ನಿಂತಿದ್ದಳು. "ನಾನು ದಿನಾ ತಬ್ಕೋತೀನಿ. ಮಸಿ ದಿನಾ ಆಕಳಿಸ್ತಾನೆ. ನನ್ನ ಹತ್ರ ಹಾಯಾಗಿ ನಿದ್ದೆ ಬರುತ್ತೆ ಅವನಿಗೆ. ನಿಮಗೇನು ಗೊತ್ತು ನನ್ನ ಮಸಿ ವಿಷಯ?"

"ಗೊತ್ತಿಲ್ಲ" ಎಂದರು ಡಾಕ್ಟರಮ್ಮ ನಿಧಾನವಾಗಿ. "ನನ್ನ ಮಾತು ನಂಬಬೇಡ. ನೀನೇ ನೋಡು. ಮನೇಲಿ ದೊಡ್ಡವರನ್ನ ಪಕ್ಕದಲ್ಲಿ ಕೂರಿಸ್ಕೋ. ಒಂದೇ ಒಂದು ಕ್ಷಣ ತಬ್ಕೊಂಡು ಬಿಟ್ಬಿಡು. ಮುಖ ನೋಡು. ಮುಂದಿನ ವಾರ ಬಂದು ನಾನು ಸುಳ್ಳಿ ಅಂತ ಎಲ್ಲರ ಮುಂದೆ ಹೇಳು."

ಮೊಂಡಿಗೆ ಬೇಕಾದ್ದೂ ಅದೇ.

ಸೋಮವಾರ ಬೆಳಗ್ಗೆ, ಮಸಿ ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದು ಮೈಮುರಿದಾಗ, ಅಜ್ಜನನ್ನು ಕುರ್ಚಿ ಸಮೇತ ಎಳೆದು ತಂದಳು. ಅಜ್ಜ ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಯಾರು ಏನು ಮಾಡಿದರೂ ಅವರ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಮೊಂಡಿ ಮಸಿಯನ್ನು ತಬ್ಬಿದಳು. ಮಸಿ ಆಕಳಿಸಿತು.

"ಒಂದು" ಎಂದರು ಅಜ್ಜ.

"ಈಗಷ್ಟೇ ಎದ್ದಿದಾನಲ್ಲ ಅಜ್ಜ, ನಿದ್ದೆ ಇನ್ನೂ ಬಿಟ್ಟಿಲ್ಲ."

ಮಂಗಳವಾರ ಸಂಜೆ, ಚೆಂಡಿನ ಹಿಂದೆ ಓಡಿ ಓಡಿ ಕಣ್ಣು ಮಿರಮಿರ ಮಿಂಚುತ್ತಿದ್ದಾಗ ತಬ್ಬಿದಳು. ಮಸಿ ಗೋಡೆ ಕಡೆ ತಿರುಗಿತು. ತುಟಿ ನೆಕ್ಕಿತು. ಆಕಳಿಸಿತು. ಬಿಟ್ಟ ಕೂಡಲೇ ಮೈಮೇಲೆ ನೀರು ಬಿದ್ದಿದೆಯೇನೋ ಅನ್ನುವ ಹಾಗೆ ಪಟಪಟ ಮೈ ಕೊಡವಿತು.

"ಎರಡು" ಎಂದರು ಅಜ್ಜ.

ಬುಧವಾರ ಅವಳು ತಬ್ಬಲಿಲ್ಲ. ನೆಲದ ಮೇಲೆ ಕಾಲು ಚಾಚಿ ಸುಮ್ಮನೆ ಕೂತಳು. ಸುಮ್ಮನೆ ಕೂರುವುದು ಅವಳಿಗೆ ಎಷ್ಟು ಕಷ್ಟ ಅಂತ ಅವಳ ಟೀಚರನ್ನು ಕೇಳಬೇಕು. ಐದು ನಿಮಿಷವಾದ ಮೇಲೆ ಮಸಿ ತಾನಾಗಿ ಬಂದು ಅವಳ ಪಾದದ ಮೇಲೆ ಗದ್ದ ಊರಿ ಮಲಗಿತು. ಆಕಳಿಸಲಿಲ್ಲ.

"ರಶ್ ಇದ್ದ ದಿನ ಜನ ಮೈಮೇಲೆ ಬಿದ್ರೆ ನಾನೂ ಹಿಂಗೇ ಕಿಟಕಿ ಕಡೆ ಮುಖ ತಿರುಗಿಸ್ತಿದ್ದೆ ಪುಟ್ಟಿ" ಎಂದರು ಅಜ್ಜ. "ನಂಗಾದ್ರೆ 'ಸ್ವಲ್ಪ ಸರ್ಕೊಳ್ರೀ' ಅಂತ ಕೂಗೋಕೆ ಬಾಯಿತ್ತು. ಇದಕ್ಕೇನಿದೆ ಪಾಪ."

ಆಗ ಮೊಂಡಿಗೆ ಮೆಟ್ಟಿಲು ನೆನಪಾಯಿತು.

ಆ ಶನಿವಾರ ಮಸಿ ಮೆಟ್ಟಿಲ ಮೂಲೆಯಲ್ಲಿತ್ತು. ಜುಟ್ಟು ದೂರದಲ್ಲಿ ನಿಂತು, "ಮುಟ್ಲಾ ಅಕ್ಕ?" ಎಂದು ಕೇಳಿದ್ದಳು. ಕೇಳಿದ್ದಳು! "ಮುಟ್ಟೋದೇನು, ತಬ್ಕೋ" ಎಂದಿದ್ದಳು ಮೊಂಡಿ. ಮಸಿ ಆಕಳಿಸಿತ್ತು. "ನೋಡು, ನಿದ್ದೆ ಬರ್ತಿದೆ ಅವನಿಗೆ. ಏನೂ ಮಾಡಲ್ಲ, ಗಟ್ಟಿಯಾಗಿ ತಬ್ಕೋ." ಇನ್ನೊಂದು ಆಕಳಿಕೆ. ಜುಟ್ಟು ಹೆದರಿ ಕೈ ತೆಗೆಯಹೋದಾಗ ಮೊಂಡಿಯೇ ಅವಳ ಕೈ ಹಿಡಿದು ಮಸಿಯ ಕುತ್ತಿಗೆಯ ಸುತ್ತ ಹಾಕಿದ್ದಳು. ಮೂರನೇ ಆಕಳಿಕೆ. ಹಿಂದೆ ಗೋಡೆ, ಮುಂದೆ ಇಬ್ಬರು ಹುಡುಗಿಯರು. ಆಮೇಲೆ ಹಲ್ಲು.

ಮಸಿ ಮೂರು ಸಲ ಬೇಡ ಅಂದಿತ್ತು. ಹುಟ್ಟಿದಾಗಿನಿಂದ ಬೇಡ ಬೇಡ ಅನ್ನುವ ಮೊಂಡಿಗೆ ಒಂದು ಸಲವೂ ಕೇಳಿಸಿರಲಿಲ್ಲ. ಬಾಲವನ್ನಂತೂ ಯಾರೂ ಮುಟ್ಟಿರಲೇ ಇಲ್ಲ.

ಅವಳಿಗೆ ನಾಚಿಕೆಯಾಯಿತು. ನಿಜ ಹೇಳಿದರೆ ಬಿಲ್ಲೆ ಹೋಗುತ್ತದೆ. ಬಿಲ್ಲೆ ಹೋದರೆ ಮಸಿಯೂ ಹೋಗುತ್ತದೆ. ಸುಮ್ಮನಿದ್ದರೆ ಮಸಿ ಉಳಿಯುತ್ತದೆ, ಜುಟ್ಟು ಬಾಲ ಎಳೆದ ಹುಡುಗಿಯಾಗಿಯೇ ಉಳಿಯುತ್ತಾಳೆ.

ಇನ್ನು ಈ ವಿಷಯಕ್ಕೆ ಬಾಯಿಗೆ ಬೀಗ ಎಂದು ಮೊಂಡಿ ತೀರ್ಮಾನಿಸಿದಳು. ಊಟ ಮಾತ್ರ ಸೇರಲಿಲ್ಲ.

*

ಮೂರನೇ ಭಾನುವಾರ ಶೆಡ್ಡಿನ ತುಂಬ ಜನ. ಸ್ಟೀಲ್ ತಟ್ಟೆಯಲ್ಲಿ ಹಳದಿ ಬಿಲ್ಲೆಗಳು ಹೊಳೆಯುತ್ತಿದ್ದವು. ಡಾಕ್ಟರಮ್ಮ ಆ ತುದಿಯಲ್ಲಿ ಒಂದು ಮರಿನಾಯಿಗೆ ಬಿಲ್ಲೆ ಕಟ್ಟುತ್ತಿದ್ದರು. ಅಮ್ಮ, ಅಜ್ಜ ಮುಂದೆಯೇ ಕೂತಿದ್ದರು. ಮೊಂಡಿ ಮಸಿಯ ಹಗ್ಗ ಹಿಡಿದು ಮೂಲೆಯಲ್ಲಿ ನಿಂತಿದ್ದಳು.

"ನೋಟೀಸ್ ಬೋರ್ಡಿಗೆ ಒಂದು ಫೋಟೋ ಬೇಕು" ಎಂದರು ಸೆಕ್ರೆಟರಿ ಅಂಕಲ್ ಫೋನ್ ತೆಗೆದು. "ಎಲ್ಲಿ ನಮ್ಮ ಜುಟ್ಟು? ಬಾಮ್ಮ. ಕಚ್ಚಿಸಿಕೊಂಡ ಮಗು, ಕಚ್ಚಿದ ನಾಯಿ, ಇಬ್ಬರೂ ತಬ್ಕೊಂಡು ರಾಜಿ. ಏನ್ ಚೆನ್ನಾಗಿ ಬರುತ್ತೆ ಗೊತ್ತಾ!"

ಜುಟ್ಟು ಅಲುಗಲಿಲ್ಲ. "ಹೋಗು, ಹೆದರ್ಕೋಬೇಡ. ಬಾಲ ಒಂದು ಮುಟ್ಟಬೇಡ" ಎಂದು ಅವಳಮ್ಮ ಬೆನ್ನು ತಳ್ಳಿದಳು. ಜುಟ್ಟು ಕಾಲೆಳೆಯುತ್ತ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಮಸಿ ಗೋಡೆಗೆ ಒತ್ತಿಕೊಂಡಿತು. ಆಕಳಿಸಿತು.

"ಹಾಂ, ಒಳ್ಳೇದಾಯ್ತು, ನಿದ್ದೆ ಬರ್ತಿದೆ ಅದಕ್ಕೆ" ಎಂದರು ಸೆಕ್ರೆಟರಿ ಅಂಕಲ್. "ಏನೂ ಮಾಡಲ್ಲ, ಗಟ್ಟಿಯಾಗಿ ತಬ್ಕೋಮ್ಮ."

ತನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿ ಮೊಂಡಿಗೆ ಮೈಯೆಲ್ಲ ಉರಿಯಿತು.

"ಬೇಡ!"

ಅವಳು ಮಸಿಗೂ ಜುಟ್ಟುವಿಗೂ ನಡುವೆ ಬಂದು ನಿಂತಳು.

"ಸರಿಯಮ್ಮ ಪಕ್ಕಕ್ಕೆ, ಒಂದೇ ಫೋಟೋ."

"ಪಕ್ಕಕ್ಕೆ ಸರಿಯಲ್ಲ. ಅವನು ಬೇಡ ಅಂತಿದಾನೆ. ಇವಳಿಗೂ ಬೇಡ. ಇಬ್ಬರಿಗೂ ಬೇಡವಾದ ಮೇಲೆ ನಿಮಗ್ಯಾಕೆ ಬೇಕು?"

ಸೆಕ್ರೆಟರಿ ಅಂಕಲ್ ಮುಖ ಕೆಂಪಗಾಯಿತು. ತಟ್ಟೆಯಿಂದ ಒಂದು ಬಿಲ್ಲೆ ಎತ್ತಿ ತೋರಿಸಿದರು. "ಇದು ಬೇಕೋ ಬೇಡವೋ ನಿಂಗೆ?"

ಮೊಂಡಿ ಬಿಲ್ಲೆ ನೋಡಿದಳು. ಬೇಕಿತ್ತು. ಬಹಳ ಬೇಕಿತ್ತು. ಆದರೂ ಗದ್ದ ಮೇಲೆತ್ತಿದಳು.

"ಜುಟ್ಟು ಬಾಲ ಎಳೀಲಿಲ್ಲ" ಎಂದಳು. ದನಿ ಅವಳಿಗೇ ಜೋರಾಗಿ ಕೇಳಿಸಿತು. "ನಾನು ಸುಳ್ಳು ಹೇಳಿದ್ದು. ಅವಳು ಮುಟ್ಲಾ ಅಂತ ಕೇಳಿದ್ಲು. ನಾನೇ ತಬ್ಕೋ ಅಂದೆ. ಅವಳು ಕೈ ತೆಗೆದಾಗ ನಾನೇ ಹಿಡ್ಕೊಂಡು ಹಾಕ್ದೆ. ಮಸಿ ಮೂರು ಸಲ ಆಕಳಿಸಿದ. ನಿದ್ದೆ ಅಂದ್ಕೊಂಡೆ. ಬೇಕಾದ್ರೆ ನನ್ನನ್ನ ಗೇಟಿನಿಂದ ಆಚೆ ಹಾಕಿ. ಅವನದೇನೂ ತಪ್ಪಿಲ್ಲ. ಇವಳದಂತೂ ಇಲ್ಲವೇ ಇಲ್ಲ."

ಡಾಕ್ಟರಮ್ಮ ಎದ್ದು ಬಂದು, "ಫೋಟೋ ಬೇಡ ಸಾರ್" ಎಂದು ಮೆಲ್ಲಗೆ ಹೇಳಿ ಫೋನನ್ನು ಕೆಳಗಿಳಿಸಿದರು. ಅಮ್ಮ ಮೊಂಡಿಯನ್ನೇ ನೋಡುತ್ತಿದ್ದಳು. ಆ ನೋಟಕ್ಕಿಂತ ಎರಡು ಏಟು ಬಿದ್ದಿದ್ದರೆ ವಾಸಿ ಎನ್ನಿಸಿತು ಮೊಂಡಿಗೆ.

ಜುಟ್ಟುವಿನ ಅಮ್ಮ ಮಗಳ ಮುಂದೆ ಮೊಣಕಾಲೂರಿದಳು. "ನೀನು ನಂಗೆ ಹೇಳಿದ್ದೆ ಅಲ್ವಾ?"

"ಹೂಂ" ಎಂದಳು ಜುಟ್ಟು. "ಆಸ್ಪತ್ರೇಲೂ ಹೇಳ್ದೆ. ವ್ಯಾನಲ್ಲೂ ಹೇಳ್ದೆ."

ದಿನವೂ ಇಪ್ಪತ್ತು ಮಕ್ಕಳ ಗಲಾಟೆಯನ್ನು ಒಂದೇ ಕೂಗಿಗೆ ಅಡಗಿಸುವ ಆ ಹೆಂಗಸು ತಲೆ ತಗ್ಗಿಸಿ ಮಗಳ ಕೈ ಹಿಡಿದುಕೊಂಡಳು. ಸೆಕ್ರೆಟರಿ ಅಂಕಲ್ ಕೆಮ್ಮಿ, "ದೂರು ಕೊಟ್ಟೋರು ನೀವು. ಬಿಲ್ಲೆ ಕೊಡ್ಲೋ ಬೇಡವೋ, ನೀವೇ ಹೇಳಿ" ಎಂದರು.

"ನನ್ನ ಕೇಳಬೇಡಿ. ಇವಳನ್ನ ಕೇಳಿ. ಇಷ್ಟು ದಿನ ಯಾರೂ ಕೇಳಿಲ್ಲವಲ್ಲ."

ಎಲ್ಲರೂ ಜುಟ್ಟುವನ್ನು ನೋಡಿದರು. ಜುಟ್ಟು ಯೋಚಿಸಿದಳು. ಮೂರು ಹೆಜ್ಜೆ ಹಿಂದೆ ಹೋದಳು. ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆ ಮಸಿಗೆ ಪಕ್ಕ ತಿರುಗಿ ನಿಂತು, ಗಾಯವಾಗದ ಕೈಯನ್ನು ಸುಮ್ಮನೆ ಇಳಿಬಿಟ್ಟು ಕಾದಳು. ಮಸಿ ಅವಳ ಕಡೆ ಮೂತಿ ಚಾಚಿ ಮೂಸಿತು. ಆಮೇಲೆ ಮುಖ ತಿರುಗಿಸಿತು.

"ಇವತ್ತು ಬೇಡವಂತೆ" ಎಂದಳು ಜುಟ್ಟು. "ಇಲ್ಲೇ ಇರ್ಲಿ. ನಾಳೆ ಕೇಳ್ತೀನಿ."

ಸೆಕ್ರೆಟರಿ ಅಂಕಲ್ ಬಿಲ್ಲೆಯನ್ನು ಎರಡು ಸಲ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮೆಟ್ಟಿಲ ಹತ್ರ ಹಗ್ಗ ಬಿಚ್ಚಿದ್ದು ನನ್ನ ಕಣ್ಣಿಗೆ ಬಿದ್ರೆ ವಾಪಸ್ ಇಸ್ಕೋತೀನಿ" ಎಂದು ಮೊಂಡಿಯ ಅಂಗೈಯಲ್ಲಿ ಇಟ್ಟರು.

"ನಿನ್ ಮೇಲೆ ಕೋಪ ಇದೆ ನಂಗೆ" ಎಂದಳು ಜುಟ್ಟು, ಮೊಂಡಿಗೆ.

"ಇರ್ಲಿ" ಎಂದಳು ಮೊಂಡಿ.

"ಶನಿವಾರ ಇವಳಿಗೆ ಕೊನೇ ಇಂಜೆಕ್ಷನ್" ಎಂದಳು ಜುಟ್ಟುವಿನ ಅಮ್ಮ. "ನೀನೂ ಬರ್ತೀಯ. ಅದು ಹೇಗಿರುತ್ತೆ ಅಂತ ನೋಡು."

ಮೊಂಡಿ ಮೊದಲ ಬಾರಿಗೆ ಬೇಡ ಎನ್ನಲಿಲ್ಲ.

*

ಆಸ್ಪತ್ರೆಯ ಬೆಂಚು ತಣ್ಣಗಿತ್ತು. ಬೆಳಗ್ಗೆ ಹತ್ತು ಗಂಟೆ. ಜುಟ್ಟುವಿನ ಅಮ್ಮ ಚೀಟಿ ಮಾಡಿಸಲು ಕಿಟಕಿಯ ಹತ್ತಿರ ನಿಂತಿದ್ದಳು. ಬೆಂಚಿನ ಒಂದು ತುದಿಯಲ್ಲಿ ಜುಟ್ಟು, ಪಕ್ಕದಲ್ಲೇ ಮೊಂಡಿ.

ಒಳಗೆ ಯಾವುದೋ ಮಗು ಕಿರುಚಿತು. ಜುಟ್ಟುವಿನ ಕಾಲು ಅಲ್ಲಾಡುವುದು ನಿಂತಿತು. ಅವಳನ್ನು ಎಳೆದು ತಬ್ಬಿಕೊಂಡುಬಿಡಬೇಕು ಎನ್ನಿಸಿತು ಮೊಂಡಿಗೆ. ತೋಳು ಆಗಲೇ ಅರ್ಧ ಎದ್ದಿತ್ತು.

ಅಷ್ಟರಲ್ಲಿ ಜುಟ್ಟು ಗೋಡೆಯ ಕಡೆ ಮುಖ ತಿರುಗಿಸಿದಳು. ತುಟಿ ಸವರಿಕೊಂಡಳು. ಬಾಯಿ ಅಗಲಿಸಿ ಆಕಳಿಸಿದಳು.

ಮೊಂಡಿಯ ತೋಳು ಕೆಳಗಿಳಿಯಿತು. ಅವಳು ಬೆಂಚಿನ ಮೇಲೆ ಒಂದು ಗೇಣು ಆಚೆ ಸರಿದು ಕೂತಳು.

ಸಿಸ್ಟರ್ ಬಾಗಿಲು ತೆರೆದು ಹೆಸರು ಕೂಗಿದರು. ಅವಸರದಲ್ಲಿ ಬಂದು ಜುಟ್ಟುವಿನ ರಟ್ಟೆಗೆ ಕೈ ಹಾಕಿದರು. "ಬಾ ಬಾ, ಏನೂ ಆಗಲ್ಲ."

"ಒಂದ್ನಿಮಿಷ ತಾಳಿ" ಎಂದಳು ಮೊಂಡಿ ಎದ್ದು ನಿಂತು. "ಅವಳಿನ್ನೂ ರೆಡಿ ಇಲ್ಲ."

"ನೀನ್ಯಾರಮ್ಮ?"

"ಮೇಲಿನ ಮನೆಯವಳು."

ಸಿಸ್ಟರ್ ಗಡಿಯಾರ ನೋಡಿದರು, ಮೊಂಡಿಯನ್ನು ನೋಡಿದರು, ಕೈ ಬಿಟ್ಟರು. ಮೊಂಡಿ ಮತ್ತೆ ಕೂತು ಎರಡೂ ಕೈಗಳನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಳು. ಇಬ್ಬರೂ ಎದುರಿನ ಗೋಡೆಯನ್ನು ನೋಡುತ್ತ ಕೂತರು.

ಸ್ವಲ್ಪ ಹೊತ್ತಿನ ಮೇಲೆ ಜುಟ್ಟು ತಾನೇ ಎದ್ದಳು. ಅಂಗಿಯ ತೋಳು ಮಡಚಿ ಮೇಲಕ್ಕೆ ಸರಿಸಿಕೊಂಡು, ಬಾಗಿಲವರೆಗೆ ಹೋಗಿ ತಿರುಗಿ ನಿಂತಳು.

"ಇಲ್ಲೇ ಇರ್ತೀಯಾ?" ಎಂದು ಕೇಳಿದಳು.

"ಇರ್ತೀನಿ" ಎಂದಳು ಮೊಂಡಿ.